ಕೊಳಚೆಗೆ ಕೊಳವೇ ಮದ್ದು: ಆರ್ಕೇಟಾ ಎಂಬ ಪುಟ್ಟ ಪಟ್ಟಣದ ಪ್ರಯೋಗ

ಕೊಳಚೆ ನೀರಿನ ಶುದ್ಧೀಕರಣ ಎಂದೊಡನೆ ಕಾಂಕ್ರೀಟ್ ತೊಟ್ಟಿಗಳು, ಹಗಲಿರುಳು ಗಿರಗುಟ್ಟುವ ಯಂತ್ರಗಳು ಮತ್ತು ತಿಂಗಳು ತಿಂಗಳೂ ಬೆಳೆಯುವ ವಿದ್ಯುತ್ ಬಿಲ್ಲು ನೆನಪಿಗೆ ಬರುತ್ತವೆ. ಇದೇ ಕೆಲಸವನ್ನು ಬಿಸಿಲು, ಪಾಚಿ, ಸೂಕ್ಷ್ಮಜೀವಿಗಳು ಮತ್ತು ಕಾಲಾವಕಾಶದ ನೆರವಿನಿಂದ ಮಾಡುವ ಇನ್ನೊಂದು ಪದ್ಧತಿಯೂ ಇದೆ. ಊರಾಚೆ ಅಗಲವಾದ, ಆಳವಿಲ್ಲದ ಕೊಳಗಳನ್ನು ತೋಡಿ ಚರಂಡಿ ನೀರನ್ನು ಅವುಗಳಲ್ಲಿ ವಾರಗಟ್ಟಲೆ ತಂಗಿಸುವುದೇ ಆ ಪದ್ಧತಿ. ಎಂಜಿನಿಯರುಗಳು ಇದನ್ನು ಲಗೂನ್, ಆಕ್ಸಿಡೇಷನ್ ಪಾಂಡ್ ಅಥವಾ ಸ್ಥಿರೀಕರಣ ಕೊಳ ಎಂದು ಕರೆಯುತ್ತಾರೆ.

ಈ ಪದ್ಧತಿಯನ್ನು ನಂಬಿ, ಅದನ್ನು ಉಳಿಸಿಕೊಳ್ಳಲು ಸರ್ಕಾರದೊಂದಿಗೆ ವರ್ಷಗಟ್ಟಲೆ ವಾದಿಸಿ ಗೆದ್ದ ಪಟ್ಟಣವೊಂದು ಅಮೆರಿಕದಲ್ಲಿದೆ. ಕ್ಯಾಲಿಫೋರ್ನಿಯಾ ರಾಜ್ಯದ ಉತ್ತರ ಕರಾವಳಿಯಲ್ಲಿರುವ ಆ ಪಟ್ಟಣದ ಹೆಸರು ಆರ್ಕೇಟಾ. ಅದರ ಶುದ್ಧೀಕರಣ ಕೊಳಗಳು ಇಂದು ಪಕ್ಷಿಧಾಮವೂ ಹೌದು, ವಿಹಾರ ತಾಣವೂ ಹೌದು. ಆದರೆ ಈ ಕಥೆಯ ತಿರುಳು ಹಕ್ಕಿಗಳಲ್ಲ. ಘಟಕ ಕಟ್ಟಲು ಹಣ ಹೊರಗಿನಿಂದ ಬಂದರೂ ಅದನ್ನು ನಡೆಸುವ ಹೊರೆ ಊರಿನ ಮೇಲೆಯೇ ಬೀಳುತ್ತದೆ. ಆ ಹೊರೆ ಎಷ್ಟಿರಬೇಕು, ಅದನ್ನು ನಿರ್ಧರಿಸುವವರು ಯಾರು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಪಟ್ಟಣದ ಪರಿಚಯ

ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಉತ್ತರಕ್ಕೆ ಸುಮಾರು 450 ಕಿ.ಮೀ. ದೂರದಲ್ಲಿ ಹಂಬೋಲ್ಟ್ ಕೊಲ್ಲಿಯ ದಡದಲ್ಲಿ ಆರ್ಕೇಟಾ ಇದೆ. ಜನಸಂಖ್ಯೆ 18 ಸಾವಿರದ ಆಸುಪಾಸು. ರೆಡ್‌ವುಡ್ ಮರಗಳ ಕಾಡಿಗೆ ಹೆಸರಾದ ಈ ಪ್ರದೇಶದಲ್ಲಿ ಒಂದು ಕಾಲಕ್ಕೆ ನಾಟಾ ವ್ಯವಹಾರವೇ ಮುಖ್ಯ ಕಸುಬಾಗಿತ್ತು. ಕೊಲ್ಲಿಯಲ್ಲಿ ಸಿಂಪಿ ಕೃಷಿ ನಡೆಯುತ್ತದೆ. ಊರಿನಲ್ಲಿ ಒಂದು ವಿಶ್ವವಿದ್ಯಾಲಯವಿದೆ. ಹಂಬೋಲ್ಟ್ ಸ್ಟೇಟ್ ಯೂನಿವರ್ಸಿಟಿ ಎಂದಿದ್ದ ಅದರ ಹೆಸರು 2022ರಲ್ಲಿ ಕ್ಯಾಲ್ ಪಾಲಿ ಹಂಬೋಲ್ಟ್ ಎಂದು ಬದಲಾಯಿತು. ಕಾಡು, ಕೊಲ್ಲಿ ಮತ್ತು ವಿಶ್ವವಿದ್ಯಾಲಯ ಮೂರೂ ಈ ಪ್ರಯೋಗದಲ್ಲಿ ಪಾಲು ಪಡೆದಿವೆ.

ಆರ್ಕೇಟಾದಲ್ಲಿ ಪ್ರಾಥಮಿಕ ಹಂತದ ಶುದ್ಧೀಕರಣ ಘಟಕ ಆರಂಭವಾದದ್ದು 1949ರಲ್ಲಿ. ಕಸ ಸೋಸಿ, ಗಟ್ಟಿ ಪದಾರ್ಥ ತಳಕ್ಕಿಳಿಯುವವರೆಗೆ ನೀರನ್ನು ನಿಲ್ಲಿಸಿ, ಉಳಿದುದನ್ನು ಕೊಲ್ಲಿಗೆ ಬಿಡಲಾಗುತ್ತಿತ್ತು. 1957ರಲ್ಲಿ ದಡದ ಪಕ್ಕದಲ್ಲೇ 55 ಎಕರೆ ವಿಸ್ತಾರದ ಆಕ್ಸಿಡೇಷನ್ ಕೊಳಗಳನ್ನು ನಿರ್ಮಿಸಲಾಯಿತು. ರೋಗಾಣುಗಳನ್ನು ಕೊಲ್ಲಲು 1966ರಿಂದ ಕ್ಲೋರಿನ್ ಬಳಕೆ ಶುರುವಾಯಿತು. ಕ್ಲೋರಿನ್ ಜಲಚರಗಳಿಗೆ ವಿಷವಾದ್ದರಿಂದ, ಕೊಲ್ಲಿಗೆ ಬಿಡುವ ಮುನ್ನ ಅದನ್ನು ತೆಗೆದುಹಾಕುವ ವ್ಯವಸ್ಥೆ 1975ರಲ್ಲಿ ಸೇರಿತು.

ಕೊಳದೊಳಗೆ ನಡೆಯುವುದೇನು?

ಚರಂಡಿ ನೀರಿನಲ್ಲಿ ಶೇಕಡಾ 99ಕ್ಕೂ ಹೆಚ್ಚು ಭಾಗ ನೀರೇ ಇರುತ್ತದೆ. ಉಳಿದ ಅಲ್ಪ ಭಾಗದಲ್ಲಿರುವ ಸಾವಯವ ಪದಾರ್ಥವೇ ತೊಂದರೆಯ ಮೂಲ. ಅದು ಕೆರೆಗೋ ನದಿಗೋ ಸೇರಿದಾಗ ಬ್ಯಾಕ್ಟೀರಿಯಗಳು ಅದನ್ನು ತಿನ್ನುತ್ತವೆ. ತಿನ್ನುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸುತ್ತವೆ. ಆಮ್ಲಜನಕ ಬರಿದಾದರೆ ಮೀನುಗಳು ಸಾಯುತ್ತವೆ, ನೀರು ನಾರುತ್ತದೆ. ಹೀಗೆ ಬ್ಯಾಕ್ಟೀರಿಯಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣವನ್ನೇ ಬಿಒಡಿ ಎಂಬ ಅಳತೆಯಲ್ಲಿ ಹೇಳಲಾಗುತ್ತದೆ. ಬಿಒಡಿ ಹೆಚ್ಚಿದ್ದಷ್ಟೂ ನೀರು ಹೆಚ್ಚು ಮಲಿನ.

ಯಂತ್ರಾಧಾರಿತ ಘಟಕಗಳಲ್ಲಿ ಈ ಬ್ಯಾಕ್ಟೀರಿಯಗಳಿಗೆ ಗಾಳಿಯನ್ನು ಪಂಪು ಮಾಡಿ ಕೊಡಲಾಗುತ್ತದೆ. ಘಟಕದ ಒಟ್ಟು ವಿದ್ಯುತ್ತಿನಲ್ಲಿ ಸುಮಾರು ಅರ್ಧದಷ್ಟು ಈ ಒಂದೇ ಕೆಲಸಕ್ಕೆ ಹೋಗುತ್ತದೆ. ಕೊಳದಲ್ಲಿ ಆ ಕೆಲಸವನ್ನು ಪಾಚಿ ಮಾಡುತ್ತದೆ. ಬ್ಯಾಕ್ಟೀರಿಯಗಳು ಮಲಿನ ಪದಾರ್ಥವನ್ನು ಅರಗಿಸಿಕೊಂಡು ಇಂಗಾಲದ ಡೈ ಆಕ್ಸೈಡ್ ಮತ್ತು ಪೋಷಕಾಂಶಗಳನ್ನು ಬಿಡುತ್ತವೆ. ಬಿಸಿಲಿನಲ್ಲಿ ಪಾಚಿ ಅದನ್ನೇ ಆಹಾರವಾಗಿಸಿಕೊಂಡು ಆಮ್ಲಜನಕವನ್ನು ಹೊರಬಿಡುತ್ತದೆ. ಆ ಆಮ್ಲಜನಕ ಮತ್ತೆ ಬ್ಯಾಕ್ಟೀರಿಯಗಳಿಗೆ ದಕ್ಕುತ್ತದೆ. ಒಂದರ ಉಚ್ಛಿಷ್ಟ ಇನ್ನೊಂದರ ಊಟ.

ಈ ಪದ್ಧತಿಯ ಪೂರ್ಣ ರೂಪದಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಕೊಳಗಳು ಸಾಲಾಗಿ ಇರುತ್ತವೆ.

ಮೊದಲನೆಯದು ಆಳವಾದ ಕೊಳ. ಎರಡರಿಂದ ಐದು ಮೀಟರ್ ಆಳವಿರುವ ಇದರಲ್ಲಿ ಆಮ್ಲಜನಕ ಇರುವುದಿಲ್ಲ. ಗಟ್ಟಿ ಪದಾರ್ಥ ತಳಕ್ಕಿಳಿದು, ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ನಡೆಯುವಂತೆ ಕೊಳೆತು ಮೀಥೇನ್ ಅನಿಲವಾಗುತ್ತದೆ. ನೀರು ಇಲ್ಲಿ ಕೆಲವೇ ದಿನ ತಂಗಿದರೂ ಮಾಲಿನ್ಯದ ಅರ್ಧದಷ್ಟು ಇಳಿಯಬಲ್ಲದು.

ಎರಡನೆಯದು ಸುಮಾರು ಒಂದೂವರೆ ಮೀಟರ್ ಆಳದ ಮಿಶ್ರ ಕೊಳ. ಮೇಲ್ಪದರದಲ್ಲಿ ಪಾಚಿ ಮತ್ತು ಆಮ್ಲಜನಕ, ತಳದಲ್ಲಿ ಆಮ್ಲಜನಕವಿಲ್ಲದ ಕೆಸರು. ಪಾಚಿ ಹಾಗೂ ಬ್ಯಾಕ್ಟೀರಿಯಗಳ ಕೊಡುಕೊಳ್ಳುವಿಕೆ ನಡೆಯುವುದು ಮುಖ್ಯವಾಗಿ ಇಲ್ಲಿಯೇ.

ಮೂರನೆಯದು ಮೀಟರ್‌ನಷ್ಟೇ ಆಳವಿರುವ ಅಂತಿಮ ಕೊಳ. ಇದರ ಕೆಲಸ ರೋಗಾಣುಗಳನ್ನು ಕೊಲ್ಲುವುದು. ಮಧ್ಯಾಹ್ನದ ಹೊತ್ತಿಗೆ ಪಾಚಿ ನೀರಿನಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಳ್ಳುವುದರಿಂದ ನೀರಿನ ಕ್ಷಾರಗುಣ ಏರುತ್ತದೆ, ಪಿಎಚ್ ಪ್ರಮಾಣ 9ನ್ನೂ ಮೀರಬಹುದು. ಇಂಥ ನೀರಿನಲ್ಲಿ, ಅದೂ ಸುಡುಬಿಸಿಲಿನಲ್ಲಿ, ಮಲದ ಬ್ಯಾಕ್ಟೀರಿಯಗಳು ಬದುಕುವುದಿಲ್ಲ. ಜಂತುಹುಳುಗಳ ಮೊಟ್ಟೆಗಳು ಭಾರವಾಗಿರುವುದರಿಂದ ಕೊಳಗಳ ತಳ ಸೇರಿಬಿಡುತ್ತವೆ. ತರಕಾರಿ ಬೆಳೆಗೆ ಬಳಸುವ ನೀರಿನ ಲೀಟರಿನಲ್ಲಿ ಜಂತುಹುಳುವಿನ ಮೊಟ್ಟೆ ಒಂದಕ್ಕಿಂತ ಹೆಚ್ಚಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಮಾರ್ಗಸೂಚಿ ನೀಡಿತ್ತು. ಆ ಮಟ್ಟವನ್ನು ಯಂತ್ರವಿಲ್ಲದೆ ಮುಟ್ಟಬಲ್ಲ ಪದ್ಧತಿ ಎಂದೇ ಕೊಳಗಳ ಸಾಲು ಬಿಸಿಲು ದೇಶಗಳಲ್ಲಿ ಹೆಸರಾಯಿತು.

ಅಕಸ್ಮಾತ್ತಾಗಿ ಹುಟ್ಟಿದ ವಿದ್ಯೆ

ಕೊಳದಲ್ಲಿ ನಿಂತ ಚರಂಡಿ ನೀರು ತಾನಾಗಿ ತಿಳಿಯಾಗುತ್ತದೆ ಎಂಬುದು ಮೊದಲಿಗೆ ಯಾರೂ ಯೋಜಿಸಿ ಕಂಡುಕೊಂಡ ಸಂಗತಿಯಲ್ಲ. 20ನೇ ಶತಮಾನದ ಆರಂಭದ ದಶಕಗಳಲ್ಲಿ ಅಮೆರಿಕದ ಕೆಲವು ಊರುಗಳು ಬೇರೆ ದಾರಿ ಕಾಣದೆ ತಗ್ಗು ಜಾಗಗಳಲ್ಲಿ ಚರಂಡಿ ನೀರನ್ನು ನಿಲ್ಲಿಸಿದವು. ಹೊರಬಂದ ನೀರು ಊಹೆಗಿಂತ ಸ್ವಚ್ಛವಾಗಿದ್ದುದು ಗಮನಕ್ಕೆ ಬಂದಿತು. ಎರಡನೇ ಮಹಾಯುದ್ಧದ ನಂತರ ಉತ್ತರ ಡಕೋಟಾದಂತಹ ರಾಜ್ಯಗಳ ಸಣ್ಣ ಊರುಗಳಿಗಾಗಿ ಇಂಥ ಕೊಳಗಳನ್ನು ಲೆಕ್ಕ ಹಾಕಿ ವಿನ್ಯಾಸಗೊಳಿಸುವ ಕ್ರಮ ಬೆಳೆಯಿತು. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಪ್ರದೇಶಗಳಲ್ಲಿ ನೀರನ್ನು ತಿಂಗಳುಗಟ್ಟಲೆ ಕೂಡಿಟ್ಟು, ಮಂಜು ಕರಗಿದ ಮೇಲೆ ಹೊರಬಿಡುವ ರೂಢಿ ಇಂದಿಗೂ ಇದೆ.

ಪಾಚಿ ಮತ್ತು ಬ್ಯಾಕ್ಟೀರಿಯಗಳ ಸಹಜೀವನವನ್ನು ವೈಜ್ಞಾನಿಕವಾಗಿ ವಿವರಿಸಿದವರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಓಸ್ವಾಲ್ಡ್ ಪ್ರಮುಖರು. 1950ರ ದಶಕದಲ್ಲಿ ಅವರು ನಡೆಸಿದ ಅಧ್ಯಯನಗಳು ಈ ಕ್ಷೇತ್ರಕ್ಕೆ ಬುನಾದಿಯಾದವು. ಭಾರತದಲ್ಲಿ ನಾಗಪುರದ ಕೇಂದ್ರೀಯ ಸಾರ್ವಜನಿಕ ಆರೋಗ್ಯ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ಈ ವಿಷಯದಲ್ಲಿ ಕೆಲಸ ಮಾಡಿತು. 1958ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯೇ 1974ರಿಂದ ನೀರಿ ಎಂಬ ಹೆಸರಿನಿಂದ ಪರಿಚಿತವಾಗಿದೆ.

ದೊಡ್ಡ ಕೊಳವೆಯೋ, ಊರಿನ ಕೊಳವೋ?

ಅಮೆರಿಕದ ಕೇಂದ್ರ ಸರ್ಕಾರ 1972ರಲ್ಲಿ ಶುದ್ಧ ಜಲ ಕಾಯ್ದೆಯನ್ನು ಜಾರಿಗೆ ತಂದಿತು. ಇದರಡಿ ಶುದ್ಧೀಕರಣ ಘಟಕಗಳ ನಿರ್ಮಾಣ ವೆಚ್ಚದ ಶೇಕಡಾ 75ರಷ್ಟನ್ನು ಕೇಂದ್ರವೇ ಭರಿಸುತ್ತಿತ್ತು. 1974ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಇನ್ನೊಂದು ಹೆಜ್ಜೆ ಮುಂದಿಟ್ಟು, ಕೊಲ್ಲಿ ಮತ್ತು ಅಳಿವೆಗಳಿಗೆ ಚರಂಡಿ ನೀರು ಬಿಡುವುದನ್ನು ಹಂತ ಹಂತವಾಗಿ ನಿಲ್ಲಿಸಬೇಕೆಂಬ ನೀತಿಯನ್ನು ಪ್ರಕಟಿಸಿತು. ಒಂದೇ ಒಂದು ವಿನಾಯಿತಿ ಇತ್ತು: ಬಿಡುವ ನೀರಿನಿಂದ ಕೊಲ್ಲಿಯ ಸ್ಥಿತಿ ಮೊದಲಿಗಿಂತ ಉತ್ತಮಗೊಳ್ಳುತ್ತದೆ ಎಂದು ಸಾಬೀತುಪಡಿಸಬೇಕು.

ಈ ನೀತಿಗೆ ಅನುಗುಣವಾಗಿ ಹಂಬೋಲ್ಟ್ ಕೊಲ್ಲಿಯ ಸುತ್ತಲಿನ ಊರುಗಳನ್ನೆಲ್ಲ ಸೇರಿಸಿ ಒಂದೇ ದೊಡ್ಡ ಘಟಕ ಕಟ್ಟುವ ಯೋಜನೆ ಸಿದ್ಧವಾಯಿತು. ಪಕ್ಕದ ದೊಡ್ಡ ಊರು ಯುರೀಕಾ ಹಾಗೂ ಇತರ ಸ್ಥಳೀಯ ಸಂಸ್ಥೆಗಳೊಂದಿಗೆ ಆರ್ಕೇಟಾ ಕೂಡ ಇದಕ್ಕಾಗಿ 1975ರಲ್ಲಿ ರಚಿಸಲಾದ ಜಂಟಿ ಪ್ರಾಧಿಕಾರದ ಸದಸ್ಯನಾಗಿತ್ತು. ಕೊಲ್ಲಿಯನ್ನು ಬಳಸಿ, ಅದರ ತಳದಡಿಯಲ್ಲಿ ಹಾದು ಹೋಗುವ ಕೊಳವೆಗಳ ಮೂಲಕ ಎಲ್ಲ ಊರುಗಳ ಕೊಳಚೆಯನ್ನು ಒಂದೆಡೆ ಸಾಗಿಸಿ, ಶುದ್ಧೀಕರಿಸಿ, ಸಾಗರಕ್ಕೆ ಬಿಡುವುದು ಯೋಜನೆಯ ಸಾರ. ಅಂದಾಜು ವೆಚ್ಚ ಏರುತ್ತ ಹೋಗಿ ಐದು ಕೋಟಿ ಡಾಲರ್ ದಾಟಿತು.

ಕಟ್ಟುವ ಹಣದಲ್ಲಿ ಬಹುಪಾಲು ಕೇಂದ್ರ ಮತ್ತು ರಾಜ್ಯ ಸರ್ಕಾರಗಳಿಂದ ಬರುತ್ತಿತ್ತು. ಆದರೆ ಕೊಳಚೆಯನ್ನು ಮೈಲುಗಟ್ಟಲೆ ದೂರ ಪಂಪು ಮಾಡುವ ವಿದ್ಯುತ್ ವೆಚ್ಚ, ಯಂತ್ರಗಳ ದುರಸ್ತಿ, ಸಿಬ್ಬಂದಿ ಸಂಬಳ ಇವೆಲ್ಲ ಊರಿನ ತೆರಿಗೆದಾರರ ಪಾಲಿಗಿದ್ದವು. ಕೊಲ್ಲಿಯ ಸುತ್ತ ಭೂಕಂಪದ ಭಯವೂ ಇದೆ. ಕೊಳವೆ ಒಡೆದರೆ ಅನಾಹುತ ತಪ್ಪಿದ್ದಲ್ಲ. ದೊಡ್ಡ ಕೊಳವೆ ಹಾದುಹೋದ ಹಾದಿಯಲ್ಲೆಲ್ಲ ಬಡಾವಣೆಗಳು ಎದ್ದು ಕೃಷಿಭೂಮಿ ನುಂಗಿಹೋಗುತ್ತದೆ ಎಂಬ ಆತಂಕವೂ ಇತ್ತು. ಈ ಕಾರಣಗಳಿಂದ ಆರ್ಕೇಟಾದ ನಗರಸಭೆ ಬೇರೆ ದಾರಿ ಹುಡುಕತೊಡಗಿತು.

ಪ್ರಾಧ್ಯಾಪಕರು, ಎಂಜಿನಿಯರು, ಜನಪ್ರತಿನಿಧಿ

ಪರ್ಯಾಯ ಹುಡುಕಲು ನಗರಸಭೆ ರಚಿಸಿದ ಕಾರ್ಯಪಡೆಗೆ ಜ್ಞಾನ ದೊರೆತದ್ದು ಊರಿನ ವಿಶ್ವವಿದ್ಯಾಲಯದಿಂದಲೇ. ಮೀನುಗಾರಿಕೆ ವಿಭಾಗದ ಪ್ರಾಧ್ಯಾಪಕ ಜಾರ್ಜ್ ಅಲೆನ್ 1970ರ ದಶಕದ ಆರಂಭದಲ್ಲೇ ಆಕ್ಸಿಡೇಷನ್ ಕೊಳದ ನೀರಿಗೆ ಸಮುದ್ರದ ನೀರು ಬೆರೆಸಿ ಸಾಲ್ಮನ್ ಮರಿಗಳನ್ನು ಸಾಕುತ್ತಿದ್ದರು. ಕೊಳಚೆ ನೀರು ಬಿಸಾಡುವ ವಸ್ತುವಲ್ಲ, ಸಂಪನ್ಮೂಲ ಎಂಬುದನ್ನು ಅವರ ಪ್ರಯೋಗ ತೋರಿಸಿತ್ತು. ಪರಿಸರ ಎಂಜಿನಿಯರಿಂಗ್ ಪ್ರಾಧ್ಯಾಪಕ ರಾಬರ್ಟ್ ಗೇರ್‌ಹಾರ್ಟ್, ಕೊಳಗಳ ಮುಂದೆ ಜೌಗುಪ್ರದೇಶ ನಿರ್ಮಿಸಿದರೆ ನೀರು ಇನ್ನಷ್ಟು ತಿಳಿಯಾಗುತ್ತದೆ ಎಂದು ವಾದಿಸಿದರು. ನಗರಸಭೆಯ ಲೋಕೋಪಯೋಗಿ ವಿಭಾಗದ ಮುಖ್ಯಸ್ಥ ಫ್ರಾಂಕ್ ಕ್ಲಾಪ್ ಮತ್ತು ಸದಸ್ಯ ಡಾನ್ ಹೌಸರ್ ಈ ವಾದವನ್ನು ಆಡಳಿತದ ಮಟ್ಟದಲ್ಲಿ ಮುಂದಕ್ಕೊಯ್ದರು. ಹೌಸರ್ ಮುಂದೆ ರಾಜ್ಯ ಶಾಸನಸಭೆಗೂ ಆಯ್ಕೆಯಾದರು.

ರಾಜ್ಯದ ಜಲ ನಿಯಂತ್ರಣ ಮಂಡಳಿ ಮೊದಲಿಗೆ ಒಪ್ಪಲಿಲ್ಲ. ಮಂಡಳಿಯ ಅನುಮಾನಕ್ಕೆ ಆಧಾರವೂ ಇತ್ತು. ಆಕ್ಸಿಡೇಷನ್ ಕೊಳದಿಂದ ಹೊರಬರುವ ನೀರು ಹಸಿರಾಗಿರುತ್ತದೆ. ಮಲಿನ ಪದಾರ್ಥ ಕಡಿಮೆಯಾಗಿದ್ದರೂ ಅದರ ಜಾಗದಲ್ಲಿ ಪಾಚಿ ತುಂಬಿರುತ್ತದೆ. ಆ ಪಾಚಿ ಕೊಲ್ಲಿಯಲ್ಲಿ ಸತ್ತು ಕೊಳೆತರೆ ಮತ್ತೆ ಆಮ್ಲಜನಕವನ್ನೇ ಕಸಿಯುತ್ತದೆ. ಕೊಳಗಳ ಪದ್ಧತಿಯ ದೊಡ್ಡ ದೌರ್ಬಲ್ಯವೇ ಇದು.

ಇದಕ್ಕೆ ಉತ್ತರ ನೀಡಲು 1979ರಿಂದ ಮೂರು ವರ್ಷ ಪ್ರಾಯೋಗಿಕ ಯೋಜನೆ ನಡೆಯಿತು. ಉದ್ದನೆಯ ಸಣ್ಣ ಜೌಗು ಮಡಿಗಳನ್ನು ಕಟ್ಟಿ, ಅವುಗಳಲ್ಲಿ ಜೊಂಡು, ಆಪು ಮುಂತಾದ ಗಿಡಗಳನ್ನು ಬೆಳೆಸಿ ಕೊಳದ ನೀರನ್ನು ಹಾಯಿಸಲಾಯಿತು. ಆಳೆತ್ತರ ಬೆಳೆಯುವ ಈ ಗಿಡಗಳ ನೆರಳಿನಲ್ಲಿ ಪಾಚಿಗೆ ಬಿಸಿಲು ಸಿಗುವುದಿಲ್ಲ. ಅದು ಸತ್ತು ತಳ ಸೇರುತ್ತದೆ. ನೀರಿನಲ್ಲಿ ಮುಳುಗಿದ ಕಾಂಡಗಳಿಗೆ ಅಂಟಿಕೊಂಡ ಬ್ಯಾಕ್ಟೀರಿಯಗಳು ಉಳಿದ ಮಾಲಿನ್ಯವನ್ನು ಅರಗಿಸುತ್ತವೆ. ಪಾಚಿ ಬೆಳೆಸಲು ಬಿಸಿಲಿನ ಕೊಳ, ಪಾಚಿ ತೆಗೆಯಲು ನೆರಳಿನ ಜೌಗು: ಆರ್ಕೇಟಾ ಮಾದರಿಯ ಸೂತ್ರ ಇಷ್ಟೇ.

ಇನ್ನು 'ಕೊಲ್ಲಿಯ ಸ್ಥಿತಿ ಉತ್ತಮಗೊಳ್ಳಬೇಕು' ಎಂಬ ಷರತ್ತು ಉಳಿದಿತ್ತು. ಊರಿನ ಕೊಲ್ಲಿಯಂಚು ಆಗ ಹಳೆಯ ಕಸದ ರಾಶಿ, ಪಾಳುಬಿದ್ದ ನಾಟಾ ಕೊಳ ಮತ್ತು ಮರಮುಟ್ಟಿನ ಅಂಗಳಗಳಿಂದ ತುಂಬಿತ್ತು. ಅದೇ ಜಾಗದಲ್ಲಿ ರಾಜ್ಯದ ಕರಾವಳಿ ಸಂರಕ್ಷಣಾ ಸಂಸ್ಥೆಯ ನೆರವಿನೊಂದಿಗೆ ಸಿಹಿನೀರಿನ ಜೌಗುಗಳನ್ನು ಮರುನಿರ್ಮಿಸಿ, ಅವುಗಳಿಗೆ ಶುದ್ಧೀಕರಿಸಿದ ನೀರನ್ನೇ ಹರಿಸುವುದು ನಗರಸಭೆಯ ಪ್ರಸ್ತಾವವಾಗಿತ್ತು. ಹಕ್ಕಿಗಳಿಗೆ ನೆಲೆ, ಜನರಿಗೆ ವಿಹಾರ, ವಿದ್ಯಾರ್ಥಿಗಳಿಗೆ ಪಾಠಶಾಲೆ ಸಿಗುವುದರಿಂದ ಷರತ್ತು ಪೂರೈಸಿದಂತಾಗುತ್ತದೆ ಎಂಬುದು ಅದರ ವಾದ. 1981ರ ಜುಲೈ 4ರಂದು ಈ ಜೌಗುಪ್ರದೇಶವನ್ನು ವನ್ಯಜೀವಿ ಧಾಮವಾಗಿ ಲೋಕಾರ್ಪಣೆ ಮಾಡಲಾಯಿತು. 1983ರಲ್ಲಿ ಮಂಡಳಿಯ ಒಪ್ಪಿಗೆ ದೊರೆಯಿತು. 1986ರಲ್ಲಿ ಕೊಳ, ಜೌಗು ಮತ್ತು ಧಾಮಗಳು ಒಂದೇ ವ್ಯವಸ್ಥೆಯಾಗಿ ಕೆಲಸ ಆರಂಭಿಸಿದವು.

ದೊಡ್ಡ ಜಂಟಿ ಯೋಜನೆ ಕಡೆಗೂ ಕಾರ್ಯರೂಪಕ್ಕೆ ಬರಲಿಲ್ಲ. ಯುರೀಕಾ ತನ್ನದೇ ಘಟಕ ಕಟ್ಟಿಕೊಂಡು, ಇಳಿತದ ಹೊತ್ತಿನಲ್ಲಿ ನೀರು ಬಿಡುವ ವ್ಯವಸ್ಥೆ ಮಾಡಿಕೊಂಡಿತು. ಆರ್ಕೇಟಾಕ್ಕೆ 1987ರಲ್ಲಿ ಫೋರ್ಡ್ ಪ್ರತಿಷ್ಠಾನ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯದ ಕೆನಡಿ ಸ್ಕೂಲ್ ನೀಡುವ ಆಡಳಿತ ನಾವೀನ್ಯ ಪ್ರಶಸ್ತಿ ಒಂದು ಲಕ್ಷ ಡಾಲರ್ ನಗದಿನೊಂದಿಗೆ ಬಂದಿತು.

ನೀರಿನ ಹಾದಿ

ಆರ್ಕೇಟಾದ ವ್ಯವಸ್ಥೆಯಲ್ಲಿ ಯಂತ್ರ ಇಲ್ಲವೇ ಇಲ್ಲ ಎಂದಲ್ಲ. ಮೊದಲ ಹಂತದಲ್ಲಿ ಕಸ, ಮರಳು ಸೋಸುವ ಜಾಲರಿ ಮತ್ತು ಗಟ್ಟಿ ಪದಾರ್ಥ ತಂಗಿಸುವ ತೊಟ್ಟಿಗಳಿವೆ. ಅಲ್ಲಿ ದೊರೆಯುವ ಕೆಸರನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿ, ಬಳಿಕ ಗೊಬ್ಬರ ಮಾಡುವ ಕ್ರಮ ರೂಢಿಗೆ ಬಂದಿತು. ಪ್ರತ್ಯೇಕ ಆಳದ ಕೊಳದ ಕೆಲಸವನ್ನು ಇಲ್ಲಿ ಈ ತೊಟ್ಟಿಗಳೇ ಮಾಡುತ್ತವೆ.

ತೊಟ್ಟಿಯಿಂದ ಹೊರಟ ನೀರು ಆಕ್ಸಿಡೇಷನ್ ಕೊಳಗಳಲ್ಲಿ ವಾರಗಟ್ಟಲೆ ತಂಗುತ್ತದೆ. ಅಲ್ಲಿಂದ ಶುದ್ಧೀಕರಣ ಜೌಗುಗಳಿಗೆ ಹರಿಯುತ್ತದೆ. ಆರಂಭದ ವ್ಯವಸ್ಥೆಯಲ್ಲಿ, ಸಾರ್ವಜನಿಕರು ಓಡಾಡುವ ಧಾಮಕ್ಕೆ ಸೇರುವ ಮುನ್ನ ನೀರಿಗೆ ಒಮ್ಮೆ ಕ್ಲೋರಿನ್ ಬೆರೆಸಲಾಗುತ್ತಿತ್ತು. ಬಳಿಕ ನೀರು ಅಲೆನ್, ಗೇರ್‌ಹಾರ್ಟ್ ಮತ್ತು ಹೌಸರ್ ಹೆಸರಿನ ಮೂರು ಜೌಗುಗಳನ್ನು ಹಾದು ಘಟಕಕ್ಕೆ ಮರಳಿ, ಇನ್ನೊಮ್ಮೆ ಸೋಂಕುನಿವಾರಣೆಯಾಗಿ ಕೊಲ್ಲಿ ಸೇರುತ್ತಿತ್ತು. ಹೋರಾಡಿದವರ ಹೆಸರನ್ನೇ ಜೌಗುಗಳಿಗೆ ಇಟ್ಟಿರುವುದು ಗಮನಾರ್ಹ.

ಮಳೆಯಿಲ್ಲದ ದಿನಗಳಲ್ಲಿ ದಿನಕ್ಕೆ ಸುಮಾರು 87 ಲಕ್ಷ ಲೀಟರ್ ನೀರನ್ನು ನಿಭಾಯಿಸುವಂತೆ ವ್ಯವಸ್ಥೆ ರೂಪಿತವಾಗಿತ್ತು. ಧಾಮದ ಒಟ್ಟು ವಿಸ್ತಾರ 307 ಎಕರೆ. ಇಲ್ಲಿ 300ಕ್ಕೂ ಹೆಚ್ಚು ಬಗೆಯ ಹಕ್ಕಿಗಳು ಕಂಡುಬಂದಿವೆ. ಪೆಸಿಫಿಕ್ ಕರಾವಳಿಯ ಉದ್ದಕ್ಕೂ ವಲಸೆ ಹೋಗುವ ಹಕ್ಕಿಗಳಿಗೆ ಇದು ತಂಗುದಾಣ.

ಎಲ್ಲಿ ಸೋಲುತ್ತದೆ?

ಈ ಪದ್ಧತಿ ಅಗ್ಗವೆಂದು ಹೇಳುವಾಗ ಅದರ ಮಿತಿಗಳನ್ನೂ ಹೇಳಬೇಕಾಗುತ್ತದೆ.

ಮೊದಲನೆಯದು ಜಾಗ. ಯಂತ್ರದ ಘಟಕಕ್ಕಿಂತ ಹಲವು ಪಟ್ಟು ಹೆಚ್ಚು ನೆಲ ಬೇಕು. ಭೂಮಿಯ ಬೆಲೆ ಗಗನಕ್ಕೇರಿದ ಊರಿನಲ್ಲಿ ಕೊಳದ ಅಗ್ಗದ ಮಾತು ನಿಲ್ಲುವುದಿಲ್ಲ.

ಎರಡನೆಯದು ಹೂಳು. ವಿದ್ಯುತ್ ಬೇಡವೆಂದರೆ ಕೆಲಸವೂ ಬೇಡವೆಂದಲ್ಲ. ಒಬ್ಬ ವ್ಯಕ್ತಿಯ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 40 ಲೀಟರ್ ಕೆಸರು ಮೊದಲ ಕೊಳದ ತಳದಲ್ಲಿ ಶೇಖರವಾಗುತ್ತದೆಂಬುದು ವಿನ್ಯಾಸದಲ್ಲಿ ಬಳಸುವ ಸಾಮಾನ್ಯ ಅಂದಾಜು. 20 ಸಾವಿರ ಜನರ ಊರಿಗೆ ಇದು ವರ್ಷಕ್ಕೆ 800 ಘನ ಮೀಟರ್. ಆಳದ ಕೊಳವಾದರೆ ಕೆಲವೇ ವರ್ಷಗಳಿಗೊಮ್ಮೆ, ಮಿಶ್ರ ಕೊಳವಾದರೆ ಹತ್ತಾರು ವರ್ಷಗಳಿಗೊಮ್ಮೆ ಹೂಳೆತ್ತಲೇಬೇಕು. ಎತ್ತದಿದ್ದರೆ ನೀರು ತಂಗುವ ಅವಧಿ ಕುಗ್ಗಿ, ಹಸಿ ಕೊಳಚೆಯೇ ಕೋಡಿ ಹರಿಯುತ್ತದೆ.

ಮೂರನೆಯದು ಕಳೆ ಮತ್ತು ಸೊಳ್ಳೆ. ಕೊಳದ ಮೇಲೆ ಅಂತರಗಂಗೆಯಂತಹ ಕಳೆ ಹರಡಿದರೆ ಬಿಸಿಲು ಒಳಗಿಳಿಯುವುದಿಲ್ಲ, ಪಾಚಿ ಸಾಯುತ್ತದೆ, ಆಮ್ಲಜನಕ ನಿಲ್ಲುತ್ತದೆ. ಏರಿಯ ಅಂಚಿನಲ್ಲಿ ಹುಲ್ಲು ಬೆಳೆದು ನೀರಿಗೆ ಬಾಗಿದರೆ ಸೊಳ್ಳೆಗೆ ತಾಣವಾಗುತ್ತದೆ. ಆದ್ದರಿಂದ ಏರಿಯ ಒಳಮೈಗೆ ಕಲ್ಲು ಅಥವಾ ಕಾಂಕ್ರೀಟ್ ಹೊದಿಸಿ, ಹುಲ್ಲನ್ನು ಆಗಾಗ ಸವರಬೇಕು.

ನಾಲ್ಕನೆಯದು ಮಿತಿಮೀರಿದ ಹೊರೆ. ಊರು ಬೆಳೆದು ಕೊಳ ಅಷ್ಟೇ ಉಳಿದರೆ ದುರ್ವಾಸನೆ ಶುರುವಾಗುತ್ತದೆ. ಆರೋಗ್ಯವಾಗಿರುವ ಮಿಶ್ರ ಕೊಳದ ಬಣ್ಣ ಕಡುಹಸಿರು. ಅದು ಗುಲಾಬಿ ಅಥವಾ ನೇರಳೆಗೆ ತಿರುಗಿದರೆ ಗಂಧಕವನ್ನು ಬಳಸುವ ಬ್ಯಾಕ್ಟೀರಿಯಗಳು ಮೇಲುಗೈ ಪಡೆದಿವೆ, ಹೊರೆ ಹೆಚ್ಚಾಗಿದೆ ಎಂದರ್ಥ. ಕಾರ್ಖಾನೆಯ ವಿಷಕಾರಿ ತ್ಯಾಜ್ಯ ಸೇರಿದರಂತೂ ಪಾಚಿಯೇ ನಾಶವಾಗುತ್ತದೆ.

ಐದನೆಯದು ಅಂತರ್ಜಲ. ತಳಕ್ಕೆ ಜೇಡಿಮಣ್ಣು ಅಥವಾ ಪ್ಲಾಸ್ಟಿಕ್ ಹಾಳೆ ಹಾಸದೆ ತೋಡಿದ ಕೊಳ ಸುತ್ತಲಿನ ಬಾವಿಗಳನ್ನು ಕೆಡಿಸುತ್ತದೆ.

ಆರ್ಕೇಟಾ ಕೂಡ ಇದಕ್ಕೆ ಹೊರತಲ್ಲ. ಮಳೆಗಾಲದಲ್ಲಿ ಹಳೆಯ ಚರಂಡಿ ಕೊಳವೆಗಳಿಗೆ ಮಳೆನೀರು ನುಗ್ಗಿ ಹರಿವು ಹಲವು ಪಟ್ಟು ಏರುತ್ತದೆ. ದಶಕಗಳು ಕಳೆದಂತೆ ಯಂತ್ರಭಾಗಗಳು ಹಳತಾದವು, ನಿಯಮಗಳು ಬಿಗಿಯಾದವು. ಕ್ಲೋರಿನ್ ಬದಲು ನೇರಳಾತೀತ ಕಿರಣಗಳಿಂದ ಸೋಂಕು ನಿವಾರಿಸುವ ವ್ಯವಸ್ಥೆ ಸೇರಿದಂತೆ ಘಟಕದ ನವೀಕರಣವನ್ನು ಊರು 2020ರ ದಶಕದಲ್ಲಿ ಕೈಗೆತ್ತಿಕೊಂಡಿತು. ಇದಕ್ಕಿಂತ ದೊಡ್ಡ ಸವಾಲು ಸಮುದ್ರದ್ದು. ಹಂಬೋಲ್ಟ್ ಕೊಲ್ಲಿಯ ಸುತ್ತಲಿನ ನೆಲ ಕುಸಿಯುತ್ತಿರುವುದರಿಂದ ಅಮೆರಿಕದ ಪಶ್ಚಿಮ ಕರಾವಳಿಯಲ್ಲೇ ಸಮುದ್ರಮಟ್ಟದ ಏರಿಕೆ ಇಲ್ಲಿ ಅತಿ ವೇಗದ್ದಾಗಿದೆ. ಮಣ್ಣಿನ ಏರಿಗಳ ಹಿಂದಿರುವ ಕೊಳಗಳು ಎಷ್ಟು ಕಾಲ ಸುರಕ್ಷಿತ ಎಂಬ ಪ್ರಶ್ನೆ ಊರಿನ ಮುಂದಿದೆ.

ಭಾರತದ ಲೆಕ್ಕ, ಕರ್ನಾಟಕದ ಬಿಸಿಲು

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿಯ ಪ್ರಕಾರ ಭಾರತದ ನಗರ, ಪಟ್ಟಣಗಳಲ್ಲಿ ದಿನಕ್ಕೆ ಉತ್ಪತ್ತಿಯಾಗುತ್ತಿದ್ದ ಕೊಳಚೆ ನೀರು 72,368 ದಶಲಕ್ಷ ಲೀಟರ್. ಸ್ಥಾಪಿತವಾಗಿದ್ದ ಶುದ್ಧೀಕರಣ ಸಾಮರ್ಥ್ಯ 31,841 ದಶಲಕ್ಷ ಲೀಟರ್. ನಿಜವಾಗಿ ಶುದ್ಧೀಕರಣಗೊಳ್ಳುತ್ತಿದ್ದುದು 20,235 ದಶಲಕ್ಷ ಲೀಟರ್ ಮಾತ್ರ. ಅಂದರೆ ಕಟ್ಟಿಟ್ಟ ಸಾಮರ್ಥ್ಯದಲ್ಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಳಕೆಯಾಗುತ್ತಿರಲಿಲ್ಲ. ಮನೆಗಳಿಂದ ಒಳಚರಂಡಿ ಸಂಪರ್ಕವಿಲ್ಲದಿರುವುದು, ವಿದ್ಯುತ್ ಕೊರತೆ, ದುರಸ್ತಿಗೆ ಹಣವಿಲ್ಲದಿರುವುದು ಇಂಥ ಸ್ಥಿತಿಗೆ ಸಾಮಾನ್ಯ ಕಾರಣಗಳು. 2021ರಲ್ಲಿ ಆರಂಭವಾದ ಸ್ವಚ್ಛ ಭಾರತ ನಗರ ಅಭಿಯಾನದ ಎರಡನೇ ಹಂತದಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣಗಳ ಬಳಸಿದ ನೀರಿನ ನಿರ್ವಹಣೆಗೂ ನೆರವು ಸೇರಿತು. ನಿರ್ಮಾಣಕ್ಕೆ ನೆರವು ಸಿಕ್ಕರೂ ಮುಂದಿನ ದಿನನಿತ್ಯದ ಖರ್ಚು ಪುರಸಭೆ, ಪಟ್ಟಣ ಪಂಚಾಯಿತಿಗಳ ತಲೆಯ ಮೇಲೆಯೇ ಉಳಿಯುತ್ತದೆ. ಆರ್ಕೇಟಾ 1970ರ ದಶಕದಲ್ಲಿ ಕೇಳಿದ ಪ್ರಶ್ನೆ ಇದೇ ಆಗಿತ್ತು.

ಕೊಳಗಳ ಪದ್ಧತಿ ಭಾರತಕ್ಕೆ ಹೊಸದಲ್ಲ. ಕೋಲ್ಕತ್ತಾದ ಪೂರ್ವದಲ್ಲಿ ಸುಮಾರು 12,500 ಹೆಕ್ಟೇರ್ ಜೌಗುಪ್ರದೇಶದ ಮೀನುಕೊಳಗಳು ಮಹಾನಗರದ ಕೊಳಚೆಯನ್ನು ಅರಗಿಸುತ್ತ ಬಂದಿವೆ. 2002ರಲ್ಲಿ ಇದು ರಾಮ್ಸಾರ್ ಪಟ್ಟಿಗೆ ಸೇರಿತು. ಕರ್ನಾಟಕದಲ್ಲಿ ಮೈಸೂರು ನಗರದ ವಿದ್ಯಾರಣ್ಯಪುರಂ, ರಾಯನಕೆರೆ ಮತ್ತು ಕೆಸರೆ ಘಟಕಗಳು ಲಗೂನ್ ತತ್ತ್ವದ ಮೇಲೆ ನಿರ್ಮಾಣವಾದವು. ಅಲ್ಲಿ ಗಾಳಿ ಬೆರೆಸುವ ಯಂತ್ರಗಳನ್ನು ಅಳವಡಿಸಿದ್ದರಿಂದ ಜಾಗ ಕಡಿಮೆ ಸಾಕಾದರೂ ವಿದ್ಯುತ್ ಬೇಕಾಗುತ್ತದೆ. ಊರಿನ ಇಳಿಜಾರನ್ನು ಅನುಸರಿಸಿ ಮೂರು ದಿಕ್ಕಿಗೆ ಮೂರು ಘಟಕಗಳನ್ನು ಕಟ್ಟಿರುವುದು ಇಲ್ಲಿನ ವಿಶೇಷ.

ಬಿಸಿಲಿನ ವಿಷಯದಲ್ಲಿ ಕರ್ನಾಟಕ ಆರ್ಕೇಟಾಕ್ಕಿಂತ ಅದೃಷ್ಟಶಾಲಿ. ಮಿಶ್ರ ಕೊಳದ ಒಂದು ಹೆಕ್ಟೇರ್ ನೀರಿನ ಹರವು ದಿನಕ್ಕೆ ಎಷ್ಟು ಕಿಲೋ ಬಿಒಡಿಯನ್ನು ತಾಳಬಲ್ಲದು ಎಂಬುದಕ್ಕೆ ಭಾರತೀಯ ವಿನ್ಯಾಸ ಕೈಪಿಡಿಯಲ್ಲಿ ಅಕ್ಷಾಂಶವಾರು ಪಟ್ಟಿ ಇದೆ. ಉತ್ತರದ 28 ಡಿಗ್ರಿ ಅಕ್ಷಾಂಶದಲ್ಲಿ ಅದು 200 ಕಿಲೋ ಇದ್ದರೆ, 16 ಡಿಗ್ರಿಯಲ್ಲಿ 275, 12 ಡಿಗ್ರಿಯಲ್ಲಿ 300. ಕರ್ನಾಟಕದ ಹೆಚ್ಚಿನ ಪಟ್ಟಣಗಳು ಕೊನೆಯ ಎರಡು ಅಂಕಿಗಳ ಸುತ್ತಮುತ್ತ ಬರುತ್ತವೆ.

20 ಸಾವಿರ ಜನರ ಪಟ್ಟಣವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ತಲೆಗೆ ದಿನಕ್ಕೆ 45 ಗ್ರಾಂ ಬಿಒಡಿ ಎಂದು ಹಿಡಿದರೆ ಒಟ್ಟು 900 ಕಿಲೋ. ಹೆಕ್ಟೇರಿಗೆ 275 ಕಿಲೋ ಲೆಕ್ಕದಲ್ಲಿ ಮಿಶ್ರ ಕೊಳಕ್ಕೆ ಸುಮಾರು 3.3 ಹೆಕ್ಟೇರ್, ಎಂದರೆ ಎಂಟು ಎಕರೆಯಷ್ಟು ನೀರಿನ ಹರವು ಬೇಕು. ಅಂತಿಮ ಕೊಳ, ಏರಿ, ದಾರಿ ಸೇರಿದರೆ ಇದು ಇನ್ನಷ್ಟು ಹೆಚ್ಚುತ್ತದೆ. ಮೊದಲು ಆಳದ ಕೊಳವೊಂದನ್ನು ಕಟ್ಟಿದರೆ ಮಿಶ್ರ ಕೊಳದ ಹರವು ಅರ್ಧದಷ್ಟು ಇಳಿಯಬಹುದು. ಊರಿನ ಇಳಿಜಾರಿನ ತುದಿಯಲ್ಲಿ ಇಷ್ಟು ಜಾಗ ಸಿಗುವುದೇ ಎಂಬುದರ ಮೇಲೆ ಇಡೀ ಆಯ್ಕೆ ನಿಂತಿದೆ.

ನಿಯಮಗಳ ಕಡೆಯೂ ಗಮನ ಬೇಕು. ಹೊರಬಿಡುವ ನೀರಿನ ಬಿಒಡಿ ಲೀಟರಿಗೆ 30 ಮಿಲಿಗ್ರಾಂ ಮೀರಬಾರದೆಂಬುದು ಬಹುಕಾಲದ ಮಾನದಂಡವಾಗಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಆದೇಶದಲ್ಲಿ ಅದನ್ನು 10ಕ್ಕೆ ಇಳಿಸಬೇಕೆಂದು ಸೂಚಿಸಿತು. ಪಾಚಿ ತುಂಬಿದ ಕೊಳದ ನೀರು ಈ ಮಟ್ಟವನ್ನು ಒಂಟಿಯಾಗಿ ಮುಟ್ಟುವುದು ಕಷ್ಟ. ಕೊಳದ ಮುಂದೆ ಜೊಂಡಿನ ಜೌಗನ್ನೋ, ಕಲ್ಲಿನ ಸೋಸುಮಡಿಯನ್ನೋ ಸೇರಿಸಿ ಪಾಚಿಯನ್ನು ತಡೆಯುವುದು ಇದಕ್ಕಿರುವ ದಾರಿ. ನೀರನ್ನು ಹೊಳೆಗೆ ಬಿಡದೆ ಹೊಲಕ್ಕೆ ಹಾಯಿಸುವುದಾದರೆ ಅದರಲ್ಲಿನ ಸಾರಜನಕ, ರಂಜಕಗಳು ಬೆಳೆಗೇ ಗೊಬ್ಬರವಾಗುತ್ತವೆ. ಆಗ ರೋಗಾಣುಗಳ ತಪಾಸಣೆ ಕಡ್ಡಾಯವಾಗಿ ಬೇಕು.

ಪಟ್ಟಣ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

* ಇಳಿಜಾರಿನ ತುದಿಯಲ್ಲಿ, ಮನೆಗಳಿಂದ ದೂರದಲ್ಲಿ ಸಾಕಷ್ಟು ಜಾಗ ಇದೆಯೇ?
* ಮುಂದಿನ 20 ವರ್ಷಗಳಲ್ಲಿ ಊರು ಬೆಳೆದರೆ ಇನ್ನೊಂದು ಕೊಳ ಸೇರಿಸಲು ಅವಕಾಶವಿದೆಯೇ?
* ಹೂಳೆತ್ತುವ ಖರ್ಚನ್ನು ಪ್ರತಿ ವರ್ಷದ ಆಯವ್ಯಯದಲ್ಲಿ ಎತ್ತಿಡಲಾಗಿದೆಯೇ?
* ಎತ್ತಿದ ಹೂಳನ್ನು ಎಲ್ಲಿಗೆ ಸಾಗಿಸಲಾಗುತ್ತದೆ?
* ಏರಿ, ತೂಬು, ಕಳೆ ನೋಡಿಕೊಳ್ಳಲು ಕಾಯಂ ಸಿಬ್ಬಂದಿ ಇದ್ದಾರೆಯೇ?
* ಕಾರ್ಖಾನೆ, ಆಸ್ಪತ್ರೆಗಳ ತ್ಯಾಜ್ಯ ಚರಂಡಿಗೆ ಸೇರದಂತೆ ತಡೆ ಇದೆಯೇ?

ಆರ್ಕೇಟಾ: ಪ್ರಮುಖ ವರ್ಷಗಳು

1949: ಪ್ರಾಥಮಿಕ ಶುದ್ಧೀಕರಣ ಘಟಕ
1957: 55 ಎಕರೆ ಆಕ್ಸಿಡೇಷನ್ ಕೊಳಗಳು
1974: ಕೊಲ್ಲಿ, ಅಳಿವೆಗಳ ಬಗ್ಗೆ ರಾಜ್ಯದ ನೀತಿ
1975: ಜಂಟಿ ಪ್ರಾಧಿಕಾರ ರಚನೆ
1979: ಪ್ರಾಯೋಗಿಕ ಜೌಗು ಮಡಿಗಳು
1981: ವನ್ಯಜೀವಿ ಧಾಮದ ಲೋಕಾರ್ಪಣೆ
1983: ರಾಜ್ಯ ಮಂಡಳಿಯ ಒಪ್ಪಿಗೆ
1986: ಸಂಯೋಜಿತ ವ್ಯವಸ್ಥೆ ಕಾರ್ಯಾರಂಭ
1987: ಆಡಳಿತ ನಾವೀನ್ಯ ಪ್ರಶಸ್ತಿ

ಆರ್ಕೇಟಾದ ಮಾದರಿಯನ್ನು ಹಾಗೆಯೇ ಎತ್ತಿ ತಂದು ಬೇರೆಡೆ ನೆಡಲಾಗದು. ಅಲ್ಲಿ ಪಾಳು ನೆಲವಿತ್ತು, ಪಕ್ಕದಲ್ಲೇ ವಿಶ್ವವಿದ್ಯಾಲಯವಿತ್ತು, ಹಠ ಬಿಡದ ನಗರಸಭೆಯಿತ್ತು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಫಲಿತಾಂಶ ಬೇರೆಯಾಗುತ್ತಿತ್ತು. ಆದರೆ ಘಟಕದ ನಕ್ಷೆಗೆ ಸಹಿ ಹಾಕುವ ಮುನ್ನ ಅದನ್ನು ನಡೆಸುವ ಖರ್ಚಿನ ಪಟ್ಟಿಯನ್ನು ಕೇಳಿ ಪಡೆಯುವುದು ಯಾವ ಪುರಸಭೆಗಾದರೂ ಸಾಧ್ಯವಿರುವ ಕೆಲಸ.